ರಿಜೆಕ್ಟ್ ಪೀಸಿನ ಹಾರ

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಮೊದಲ ವಾರ ಮುಗಿಯುವ ದಿನ ಸೂಪರ್‌ವೈಸರ್ ಮಾದೇವಣ್ಣ ನನ್ನ ಕೊರಳಿಗೆ ಒಂದು ಹಾರ ಹಾಕಿದ. ಹೂವಿನದಲ್ಲ. ಆ ದಿನ ನನ್ನ ಕೈಯಲ್ಲಿ ಕೆಟ್ಟ ಪ್ಲಾಸ್ಟಿಕ್ ಮುಚ್ಚಳಗಳನ್ನು ದಾರಕ್ಕೆ ಪೋಣಿಸಿದ್ದ. ಲೈನಿನವರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮ ಸೇಡಂ ಕಡೆ ಹೊಸಬರಿಗೆ ಹಾರ ಹಾಕಿದರೆ ಅದು ಮರ್ಯಾದೆ. ಇಲ್ಲಿಯ ಪದ್ಧತಿ ಹೀಗಿರಬೇಕು ಎಂದುಕೊಂಡು ಕೈ ಮುಗಿದೆ, ನಕ್ಕೆ. ಅವರು ಇನ್ನೂ ಜೋರಾಗಿ ನಕ್ಕರು.

ಸಾತನೂರಿನಲ್ಲಿ ನನಗೆ ಮನೆ ಸಿಕ್ಕಿದ್ದೂ ಮಾದೇವಣ್ಣನಿಂದಲೇ. ಒಂಟಿ ಹೆಂಗಸು, ದೂರದ ಊರು ಎಂದು ಎಲ್ಲರೂ ಬಾಗಿಲಲ್ಲೇ ಮಾತು ಮುಗಿಸುತ್ತಿದ್ದಾಗ ಅವನ ತಾಯಿ ನಿಂಗಮ್ಮ ತಮ್ಮ ಹಿಂದಿನ ಕೋಣೆ ತೆರೆದುಕೊಟ್ಟರು. ನಮ್ಮ ಜೋಳದ ರೊಟ್ಟಿ ಅಗಿದಷ್ಟೂ ರುಚಿ. ಇಲ್ಲಿಯ ಮುದ್ದೆಯನ್ನು ಅಗಿಯುವಂತಿಲ್ಲ. ನಾನು ಅಗಿಯುತ್ತಾ ಕೂತದ್ದನ್ನು ನೋಡಿ ನಿಂಗಮ್ಮ, "ಒಸಿ ಸಾರಲ್ಲಿ ಅದ್ಕಂಡು ನುಂಗವ್ವ, ಹಲ್ಲಿಗ್ಯಾಕೆ ಕೆಲ್ಸ ಕೊಡ್ತೀಯ" ಎಂದರು. ಒಸಿ ಎಂದರೆ ಸ್ವಲ್ಪ, ನಮ್ಮ ಕಡೆಯ ಜರಾ. ಒಂದು ತುತ್ತು ಸಲೀಸಾಗಿ ಇಳಿದ ದಿನ ಅವರಿಗೇ ನನಗಿಂತ ಹೆಚ್ಚು ಖುಷಿ.

ಆಮೇಲೆ ಹಾರ ರೂಪಾಳ ಕೊರಳಿಗೆ ಹೋಯಿತು. ಪಕ್ಕದ ಮೆಷಿನಿನವಳು, ಕನಕಪುರದಲ್ಲಿ ಬಸ್ಸು ಹತ್ತುವವಳು. ಅವಳಿಗೆ ಒಂದು ದಿನಕ್ಕೆ ಮುಗಿಯಲಿಲ್ಲ, ದಿನವೂ ಬಿತ್ತು. ಕೊನೆಗೆ ಅವಳು ದೂರು ಕೊಟ್ಟಳು. ಮಾದೇವಣ್ಣನನ್ನು ಸಸ್ಪೆಂಡ್ ಮಾಡಿ ವಿಚಾರಣೆ ಇಟ್ಟರು. ಅದು ಬರೀ ತಮಾಷೆ, ಸೇಡಂನವಳಿಗೂ ಹಾಕಿದ್ದೆ, ಅವಳು ಕೈ ಮುಗಿದು ನಕ್ಕಳು, ಬೇಕಾದರೆ ಕೇಳಿ ಎಂದು ಅವನು ಹೇಳಿದನಂತೆ. ನನ್ನನ್ನು ಕರೆದರು.

ಹೋಗುವ ಮುಂಚೆ ನಿಂಗಮ್ಮ ಹೇಳಿದರು: "ಇಲ್ದಿದ್ದೇನೂ ಹೇಳ್ಬೇಡ ಕಣವ್ವ. ನೀನು ನಕ್ಕಿದ್ದೆ ಅಲ್ವಾ, ಅಷ್ಟು ಹೇಳು ಸಾಕು."

ನಕ್ಕಿದ್ದು ನಿಜವೇ ಎಂದು ಮ್ಯಾನೇಜರ್ ಕೇಳಿದರು. ನಿಜ ಎಂದೆ. ರೂಪಾ ನಗುತ್ತಿದ್ದಳೇ ಎಂದರು. ಇಲ್ಲ ಎಂದೆ. ಅವಳು ಬೆಲ್ ಆಗುವವರೆಗೆ ತಲೆ ಎತ್ತುತ್ತಿರಲಿಲ್ಲ, ಹಾರ ತೆಗೆಯಲು ಹೋದರೆ ಅವನು ಇನ್ನೊಂದು ಮುಚ್ಚಳ ಪೋಣಿಸುತ್ತಿದ್ದ. ಕಂಡದ್ದು ಅಷ್ಟು. ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಆಗಲಿಲ್ಲ.

ಅವನ ಕೆಲಸ ಹೋಯಿತು. ರೂಪಾ ಬಸ್ಸಿನಲ್ಲಿ ಈಗಲೂ ನನ್ನ ಪಕ್ಕ ಕೂರುವುದಿಲ್ಲ. ಅವಳ ಲೆಕ್ಕದಲ್ಲಿ ನಾನು ಆ ಮನೆಯವಳು. ಬೇರೆ ಕೋಣೆ ನೋಡಿಕೊಳ್ಳಲೇ ಎಂದು ನಿಂಗಮ್ಮನನ್ನು ಕೇಳಿದೆ. ಅವರು ಎದ್ದು ಮುದ್ದೆಗೆ ಎಸರಿಟ್ಟರು.

ಮೊನ್ನೆ ಬೆಳಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಮಾದೇವಣ್ಣ ಜಗಲಿಯಲ್ಲಿ ಕೂತಿದ್ದ.

"ಆವತ್ತು ನಿಂಗೂ ಬೇಜಾರಾಗಿತ್ತಾ?"

"ಆವಾಗ ನನಗ ತಿಳೀಲಿಲ್ಲ ಅಣ್ಣ."

ಅವನು ಬೀದಿಯ ಕಡೆ ನೋಡಿದ. "ಬಸ್ಸು ಬತ್ತೈತೆ, ಹೋಗು."

ಅಲ್ಲಿ ಮಂದಿ ಹ್ಯಾಂಗ ಅದಾರ ಎಂದು ಅವ್ವ ಫೋನಿನಲ್ಲಿ ಕೇಳುತ್ತಾಳೆ. ಚಲೋ ಅದಾರ ಎನ್ನುತ್ತೇನೆ. ಸುಳ್ಳಲ್ಲ. ನಿಂಗಮ್ಮ ಈಗಲೂ ನನಗೂ ಸೇರಿಸಿಯೇ ಮುದ್ದೆ ಕಟ್ಟುತ್ತಾರೆ. ತಟ್ಟೆ ಇಡುವಾಗ ಮಾತ್ರ ಮಾತಿಲ್ಲ. ನಾನು ಅಗಿಯದೆ ನುಂಗಿ ಏಳುತ್ತೇನೆ.