ಗುಳಿಗಿ ಅಕ್ಕ ಕಸ್ತೂರೆಮ್ಮ

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಗಳಲ್ಲಿ ಕಸ್ತೂರೆಮ್ಮನನ್ನು ಅವಳ ಕೈಯಲ್ಲಿ ಗುಳಿಗೆ ನುಂಗಿದ ಮನೆಯವರೆಲ್ಲ ಗುಳಿಗಿ ಅಕ್ಕ ಅನ್ನುತ್ತಿದ್ದರು. ಕ್ಷಯ ಹಿಡಿದವರ ಮನೆಗೆ ವಾರಕ್ಕೆ ಮೂರು ದಿನ ಹೋಗಿ ಕಣ್ಣೆದುರೇ ಗುಳಿಗೆ ನುಂಗಿಸುವುದು, ಮನೆಯಲ್ಲಿ ಗಾಳಿ ಬೆಳಕು ಆಡುತ್ತದೆಯೇ, ಎಷ್ಟು ಜನ ಒಟ್ಟಿಗೆ ಮಲಗುತ್ತಾರೆ ಎಂದು ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಗಂಡ ಇದೇ ಕೆಮ್ಮಿನಲ್ಲಿ ತೀರಿಕೊಂಡ ಮೇಲೆ ಹಟ ಹಿಡಿದು ಸೇರಿದ್ದಳು. ಹನ್ನೊಂದು ವರ್ಷದಲ್ಲಿ ಒಬ್ಬರೂ ನಡುವೆ ಗುಳಿಗೆ ನಿಲ್ಲಿಸದಂತೆ ಕಾದಿದ್ದಳು.

೨೦೧೧ರ ಬೇಸಿಗೆಯಲ್ಲಿ ಪಂಪಮ್ಮನ ಹೆಸರು ಬಂತು. ಗಿರಣಿಯಲ್ಲಿ ತೌಡಿನ ಚೀಲ ತುಂಬುವ ಹೆಂಗಸು, ಗಂಡ ಬಿಟ್ಟವಳು. ತಗಡಿನ ಒಂದೇ ಕೋಣೆಯಲ್ಲಿ ತಾಯಿ ಹುಲಗಮ್ಮ, ಮೂರು ವರ್ಷದ ಮಗಳು ರಂಜಿತಾ. ಇದ್ದೊಂದು ಕಿಟಕಿಗೆ ಗೋಣಿಚೀಲ ತುರುಕಿದ್ದರು.

“ತಗೀರಿ ಅದನ್ನ. ಕೂಸಿಗೆ ಹತ್ತತೈತಿ,” ಎಂದಳು ಕಸ್ತೂರೆಮ್ಮ.

“ತಗದ್ರ ಕೆಮ್ಮೋದು ಓಣಿಗೆಲ್ಲ ಕೇಳತೈತ್ರಿ ಅಕ್ಕಾರ. ಮನಿ ಬಿಡಸ್ತಾರ. ನೀವು ನಮ್ಮ ಬೀಗರು ಅಂತ ಹೇಳೇನಿ,” ಎಂದಳು ಪಂಪಮ್ಮ.

ಕಸ್ತೂರೆಮ್ಮ ಒಪ್ಪಿದಳು. ಗುರುತಿನ ಚೀಟಿ ಬಚ್ಚಿಟ್ಟು, ಬೀಗತಿಯಂತೆ ಬಂದು ಹೋದಳು. ಆರನೇ ವಾರಕ್ಕೆ ಪಂಪಮ್ಮನ ಕೆಮ್ಮು ಇಳಿಯಿತು, ಊಟ ಸೇರತೊಡಗಿತು. ಗೋಣಿಚೀಲವನ್ನು ಅವಳೇ ಕಿತ್ತೆಸೆದಳು.

ಒಂದು ಮಧ್ಯಾಹ್ನ ಮನೆಯೊಡತಿ ಮಹೇಶ್ವರಿ ಬಾಗಿಲಿಗೆ ಬಂದು ನಿಂತಳು. “ಅಯ್ಯ, ಗುಳಿಗಿ ಅಕ್ಕಾರಲ್ಲೇನ್ರಿ! ನಮ್ಮ ಅಣ್ಣನ್ನ ಉಳಿಸಿದವರು ನೀವ...” ಮಾತು ಅಲ್ಲಿಗೇ ನಿಂತಿತು. ಕಣ್ಣು ಪಂಪಮ್ಮನ ಅಂಗೈಯಲ್ಲಿದ್ದ ಗುಳಿಗೆಯ ಮೇಲೆ ಬಿದ್ದಿತ್ತು.

“ಈಗ ಆಕಿಯಿಂದ ಯಾರಿಗೂ ಹತ್ತಂಗಿಲ್ಲವ್ವ,” ಎಂದು ಕಸ್ತೂರೆಮ್ಮ ಕೈ ಹಿಡಿದು ಬೇಡಿಕೊಂಡಳು. ಮಹೇಶ್ವರಿ ಕೈ ಬಿಡಿಸಿಕೊಂಡು ಹೋದಳು.

ಮುಂದಿನ ಸರದಿಗೆ ಹೋದಾಗ ಕೋಣೆಗೆ ಬೀಗ. ಎಲ್ಲಿಗೆ ಹೋದರೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಜೆಯ ದಿನಗಳಲ್ಲೆಲ್ಲ ಕಸ್ತೂರೆಮ್ಮ ಗಿರಣಿಯಿಂದ ಗಿರಣಿಗೆ ಅಲೆದಳು. ಐದು ತಿಂಗಳ ಮೇಲೆ ಕಾರಟಗಿಯಲ್ಲಿ ಒಂದು ಶೆಡ್ಡಿನೊಳಗಿಂದ ಆ ಕೆಮ್ಮು ಕೇಳಿಸಿತು. ಹುಲಗಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನೀವು ಬಂದಿದ್ದಕ್ಕ ನಮ್ಮ ಮನಿ ಹೋತು. ಇಲ್ಲಿಗೂ ಬಂದ್ರೇನು?”

ಕಸ್ತೂರೆಮ್ಮ ಹೊರಗೆ ನೆಲದ ಮೇಲೆ ಕುಳಿತುಬಿಟ್ಟಳು. ಹೊತ್ತು ಇಳಿಯುವಾಗ ಪಂಪಮ್ಮ ಗೋಡೆ ಹಿಡಿದು ಹೊರಬಂದಳು. ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. “ನಂದು ಬಿಡ್ರಿ ಅಕ್ಕಾರ. ಕೂಸು ಕೆಮ್ಮಾಕ ಹತ್ತೇತಿ.”

ಗುಳಿಗೆ ನಡುವೆ ನಿಂತಿದ್ದರಿಂದ, ಮತ್ತೆ ಶುರು ಮಾಡಿದರೂ ಪಂಪಮ್ಮನ ಕ್ಷಯ ಅವುಗಳಿಗೆ ಬಗ್ಗಲಿಲ್ಲ. ಬೇರೆ ಔಷಧಿಗೆಂದು ಕಾಗದಪತ್ರ ಓಡಾಡುತ್ತಿರುವಾಗಲೇ ಅವಳು ತೀರಿಕೊಂಡಳು.

ಕಾರಟಗಿ ಕಸ್ತೂರೆಮ್ಮನ ಪಾಲಿನ ಊರಲ್ಲ. ಆದರೂ ಮೇಲಿನವರನ್ನು ಕಾಡಿ ಬೇಡಿ ಒಪ್ಪಿಸಿ, ಬಸ್ಸು ಹತ್ತಿ ಬಂದು ಆರು ತಿಂಗಳು ಮಗುವಿಗೆ ಗುಳಿಗೆ ಅರೆದು ಕುಡಿಸಿದಳು. ಹುಲಗಮ್ಮ ಕೂಸನ್ನು ಹೊರಗೆ ತರುವಳು, ಕುಡಿಸಿದ ಮೇಲೆ ಒಳಗೆ ಕರೆದೊಯ್ದು ಬಾಗಿಲು ಹಾಕುವಳು. ಒಂದು ದಿನವೂ ಕೂಡ್ರಿ ಅನ್ನಲಿಲ್ಲ.

“ಕೂಸು ಆರಾಮ ಆಗೇತಿ. ಇನ್ನ ಗುಳಿಗಿ ಬ್ಯಾಡ,” ಎಂದು ಕಸ್ತೂರೆಮ್ಮ ಕೊನೆಗೊಮ್ಮೆ ಹೇಳಿದಳು.

ಹುಲಗಮ್ಮ ಮೊಮ್ಮಗಳನ್ನು ಎತ್ತಿಕೊಂಡಳು. “ಹಂಗಾದ್ರ ಇನ್ನ ಬರಬ್ಯಾಡ್ರಿ,” ಎಂದಳು.