ಮೂರು ಬೋಲ್ಟುಗಳ ಮುಂದೆ ನನ್ನ ವಾದ

ಕೋವಿಡ್ ಮುಗಿದ ಮರುವರ್ಷ ನಾನು ಬೀರೂರಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಡಿಪ್ಲೊಮಾ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಅಂಟಿಸಿಕೊಂಡ ಚಾಳಿ. ಯಾರು ಏನೇ ಹೇಳಲಿ, ‘ಪುರಾವೆ ಏನು?’ ಎನ್ನುತ್ತಿದ್ದೆ. ಮಾಲೀಕ ಅನ್ವರ್ ಸಾಬರು ನನ್ನನ್ನು ಕರೆಯುತ್ತಿದ್ದುದೇ ‘ವಕೀಲ’ ಎಂದು.

ಒಂದು ಶುಕ್ರವಾರ ಬೆಳಿಗ್ಗೆ ಅಜ್ಜಂಪುರದ ಟೀಚರ್ ಸಾವಿತ್ರಮ್ಮ ತಮ್ಮ ತಂದೆಯ ಅರವತ್ತು ವರ್ಷ ಹಳೆಯ ಕಾರನ್ನು ತಾವೇ ಓಡಿಸಿಕೊಂಡು ಬಂದರು. ಸ್ಟೇರಿಂಗನ್ನು ನಾಲ್ಕು ಬೆರಳಷ್ಟು ತಿರುಗಿಸಿದರೂ ಮುಂದಿನ ಗಾಲಿ ಅಲುಗುತ್ತಿರಲಿಲ್ಲ. ಈ ಸಡಿಲಕ್ಕೆ ನಾವು ‘ಪ್ಲೇ’ ಎನ್ನುತ್ತೇವೆ. ಎದುರಿಗೆ ಲಾರಿ ಬಂದಾಗ ಆ ನಾಲ್ಕು ಬೆರಳೇ ಪ್ರಾಣಕ್ಕೆ ಕುತ್ತು.

“ಭಾನುವಾರ ನಮ್ಮಣ್ಣ ಪಕ್ಕದಲ್ಲಿ ಕೂತು ಅಜ್ಜಂಪುರದವರ್ಗೂ ಬತ್ತಾನೆ. ಅವನಿಗೆ ಭಯ ಆಯ್ತೋ, ಸೋಮವಾರ ಗುಜರಿಯವ್ನು ಎತ್ಕೊಂಡು ಹೋಗ್ತಾನೆ. ಒಪ್ಕೊಂಡ್ಬಿಟ್ಟಿದೀನಿ ಕಣ್ರೀ ಸಾಬ್ರೇ,” ಎಂದರು.

ಕಡೂರು, ತರೀಕೆರೆ ಎರಡೂ ಕಡೆ ಆಗಲೇ ತೋರಿಸಿದ್ದರು. ಎರಡೂ ಕಡೆ ಸ್ಟೇರಿಂಗ್ ಬಾಕ್ಸಿನ, ಅಂದರೆ ನಾವು ತಿರುಗಿಸಿದ್ದನ್ನು ಗಾಲಿಗೆ ಮುಟ್ಟಿಸುವ ಗೇರುಗಳ ಡಬ್ಬಿಯ, ಸ್ಕ್ರೂ ಬಿಗಿದು ಕಳಿಸಿದ್ದರು. ಅತಿಯಾಗಿ ಬಿಗಿದರೆ ತಿರುವಿನಲ್ಲಿ ಸ್ಟೇರಿಂಗ್ ಕಚ್ಚಿಕೊಳ್ಳುತ್ತದೆ. ಇಲ್ಲಿ ಕಚ್ಚತೊಡಗಿತ್ತು, ಪ್ಲೇ ಮಾತ್ರ ಹಾಗೇ ಇತ್ತು. ಹಾಗಾದರೆ ದೋಷ ಬಾಕ್ಸಿನದಲ್ಲ. ಗಾಲಿಗಳನ್ನು ಜೋಡಿಸುವ ಟೈ ರಾಡಿನ ಕೀಲುಗಳದ್ದು. ಎಂಥ ತರ್ಕ! ನನಗೇ ರೋಮಾಂಚನವಾಯಿತು.

“ಮೊದ್ಲು ಕೆಳಗೆ ಮಲ್ಕೊಂಡು ನೋಡ್ಲೇ,” ಎಂದರು ಸಾಬರು.

“ನೋಡೋದೇನೈತೆ ಸಾಬ್? ಬೇರೆ ಸಾಧ್ಯತೇನೇ ಇಲ್ಲ.”

ಶನಿವಾರ ಮಧ್ಯಾಹ್ನದೊಳಗೆ ಕೀಲುಗಳನ್ನೆಲ್ಲ ಬದಲಿಸಿದೆ. ಪ್ಲೇ ಅಳೆದೆ. ಅದೇ ನಾಲ್ಕು ಬೆರಳು.

“ಏನಪ್ಪಾ ವಕೀಲ, ಕೇಸ್ ಬಿದ್ದೋಯ್ತಾ?” ಸಾಬರು ನಗುತ್ತ ಸೀಟಿನಲ್ಲಿ ಕೂತರು. “ನಾನು ಸ್ಟೇರಿಂಗ್ ಅಲ್ಲಾಡಿಸ್ತೀನಿ. ನೀನು ಬಾಯಿ ಮುಚ್ಕೊಂಡು ಒಂದೊಂದನ್ನೂ ಮುಟ್ಟು.”

ಕಾರಿನ ಕೆಳಗೆ ಜಾರಿದೆ. ಕೀಲು ಮುಟ್ಟಿದೆ, ಗಟ್ಟಿ. ರಾಡ್ ಮುಟ್ಟಿದೆ, ಗಟ್ಟಿ. ಬಾಕ್ಸಿನ ಮೇಲೆ ಅಂಗೈ ಇಟ್ಟೆ. ಅದು ಕೈಯಡಿಯಲ್ಲೇ ಮಿಸುಕಿತು!

“ಸಾಬ್! ಬಾಕ್ಸೇ ಅಲ್ಲಾಡ್ತೈತೆ! ಚಾಸಿಗೆ ಹಿಡಿದಿರೋ ಬೋಲ್ಟೇ ಲೂಸು!”

ಸಾವಿತ್ರಮ್ಮನ ತಂದೆ ಪ್ರತಿ ಆಯುಧಪೂಜೆಗೂ ಕಾರಿನ ಅಡಿಗೆಲ್ಲ ಕರಿ ಪೇಂಟ್ ಬಳಿಸುತ್ತಿದ್ದರಂತೆ. ಪದರದ ಮೇಲೆ ಪದರ ಕೂತು, ಬಾಕ್ಸನ್ನು ಚಾಸಿಗೆ, ಅಂದರೆ ಕಾರಿನ ಅಡಿಯ ಚೌಕಟ್ಟಿಗೆ, ಹಿಡಿದ ಮೂರು ಬೋಲ್ಟುಗಳೂ ಭದ್ರವಾಗಿರುವಂತೆ ಕಾಣುತ್ತಿದ್ದವು. ಕೆರೆದು ನೋಡಿದರೆ ಎರಡು ಸಡಿಲ, ಒಂದು ತುಂಡಾಗಿತ್ತು. ಮೂರನ್ನೂ ಹೊಸದಾಗಿ ಹಾಕಿ, ಗಾಲಿ ನೇರ ನಿಲ್ಲಿಸಿ, ಬಿಗಿದಿದ್ದ ಸ್ಕ್ರೂ ಹದಕ್ಕೆ ಸಡಿಲಿಸಿದೆವು. ಪ್ಲೇ ಒಂದು ಬೆರಳಿಗೆ ಇಳಿಯಿತು. ನಾನು ಗ್ಯಾರೇಜಿನಲ್ಲೇ ಕುಣಿದೆ.

ಭಾನುವಾರ ಹಿಂದಿನ ಸೀಟಿನಲ್ಲಿ ನಾನೂ ಹೋದೆ. ಸಾವಿತ್ರಮ್ಮನ ಅಣ್ಣ ಮುಂದೆ ಬಾಗಿಲು ಬಿಗಿಯಾಗಿ ಹಿಡಿದು ಕೂತಿದ್ದರು. ಒಂದು ತಿರುವಿನಲ್ಲಿ ಲಾರಿ ಎದುರಾಯಿತು. ಸಾವಿತ್ರಮ್ಮ ಸುಮ್ಮನೆ ಒಂದಿಷ್ಟು ಎಡಕ್ಕೆಳೆದರು; ಕಾರು ಆ ಕ್ಷಣವೇ ಮಾತು ಕೇಳಿತು. ಅಣ್ಣ ಬಾಗಿಲು ಬಿಟ್ಟು ಫೋನ್ ತೆಗೆದರು. “ಗುಜರಿಯವ್ರಾ? ನಾಳೆ ಬರ್ಬೇಡಿ ಕಣ್ರೀ.”

ನನ್ನ ತರ್ಕ ಅಚ್ಚುಕಟ್ಟಾಗಿಯೇ ಇತ್ತು. ಕೈಯಿಂದ ಮುಟ್ಟಿ ನೋಡದ ಸಾಧ್ಯತೆಯನ್ನು ಇಲ್ಲವೆಂದು ಸಾರಿದ್ದೇ ತಪ್ಪು. ಈಗಲೂ ವಾದ ಬಿಟ್ಟಿಲ್ಲ. ಬೆನ್ನಿಗೆ ಗ್ಯಾರೇಜಿನ ಮಣ್ಣು ಹತ್ತಿದ ಮೇಲೆ ಶುರುಮಾಡುತ್ತೇನೆ, ಅಷ್ಟೇ.