ಹೊಟ್ಟಿ ಹೊಲಿಸಿಕೊಂಡು ಬಂದ ಮ್ಯಾಲ

ನಾ ಬರೋ ಸಪ್ಪಳ ನನಗ ಕೇಳಸ್ಲಿಲ್ಲ. ಹೊಟ್ಟಿ ಆಪರೇಷನ್ ಮಾಡಿಸಿಕೊಂಡು ಊರಿಗಿ ಬಂದಾಗ ನನಗ ಮೊದಲ ಅಂಜಿಕಿ ಹುಟ್ಟಿದ್ದು ಇದರಿಂದ ನೋಡ್ರಿ. ನೋವಿನಿಂದಲ್ಲ, ಹೊಲಿಗಿಯಿಂದಲ್ಲ. ನಲವತ್ತು ವರ್ಷ ನಾ ಎಲ್ಲಿ ಹೋದ್ರೂ ನನ್ನ ಹೆಜ್ಜಿ ಸಪ್ಪಳ ನನಗಿಂತ ಮೊದಲ ಹೋಗಿ ಸುದ್ದಿ ಮುಟ್ಟಿಸ್ತಿತ್ತು. ಸಾಲಿ ಪಡಸಾಲಿಯೊಳಗ ಕಾಲಿಟ್ರ ಮೂರು ಕ್ಲಾಸು ಸುಮ್ಮ ಆಗ್ತಿದ್ವು. ಈಗ ಇಳಕಲ್ಲಿನ ನಮ್ಮ ಓಣ್ಯಾಗ ನಡಕೋತ ಬಂದ್ರ ಮಗ್ಗದ ಸಪ್ಪಳ ಕೇಳ್ತಿತ್ತು, ನಾಯಿ ಬೊಗಳೋದು ಕೇಳ್ತಿತ್ತು, ನಾ ಮಾತ್ರ ಇದ್ದಿದ್ದಿಲ್ಲ. ಎರಡು ಸಲ ನಿಂತು ಹಿಂದ ತಿರುಗಿ ನೋಡಿದೆ, ಅಂವ ಎಲ್ಲಿ ಉಳದಾ ಅಂತ.

ಅಂವ ಅಂದ್ರ ನಾನೇ, ಹಳೇ ನಾನು. ಇದೆಲ್ಲಾ ಎಂಬತ್ತರ ದಶಕ ಸುರು ಆದ ಹೊತ್ತಿನ ಮಾತು. ನಾ ಹೈಸ್ಕೂಲಿನೊಳಗ ಇತಿಹಾಸ ಹೇಳೋ ಮಾಸ್ತರ. ದವಾಖಾನಿ ತೂಕದ ಮಷೀನು ನನ್ನನ್ನ ತಾಳಲಾರದ್ದಕ್ಕ ಹುನಗುಂದದ ಅಡತಿ ಅಂಗಡಿಯೊಳಗ ಹತ್ತಿ ಅಂಡಗಿ ತೂಗೋ ಕಾಂಟಾದ ಮ್ಯಾಲ ನಿಂದ್ರಿಸಿ ತೂಗಿದ್ರು. ಅಲ್ಲಿದ್ದ ಹಮಾಲ ಕಣ್ಣಾಗ ನೀರು ಬರೋ ಹಂಗ ನಕ್ಕ, ನಾನೂ ನಕ್ಕೆ. ಮನಿಯೊಳಗ ನನ್ನ ಹೆಂಡ್ತಿ ಶಾಂತಾ ಮಾತ್ರ ನಗಲಿಲ್ಲ. ಯಾಕಂದ್ರ ನಿದ್ದ್ಯಾಗ ನನ್ನ ಉಸಿರು ನಿಂತು ನಿಂತು ಬರ್ತಿತ್ತು, ಆಕಿ ಪ್ರತಿ ಸಲ ಹೊರಳಿಸಿ ಹೊರಳಿಸಿ ಎಬ್ಬಿಸ್ತಿದ್ಳು. "ಹಿಂಗ ಒಂದಿನ ನನ್ನ ಕೈ ಸೋತು ನಾ ಮಲಗಿಬಿಟ್ರ ಏನ್ರಿ ಗತಿ?" ಅಂತ ಕೇಳಿದ್ಳು. ಆ ಮಾತು ಕೇಳಿ ಮುಂಬೈಗಿ ಹೋದೆ. ಅಲ್ಲಿಯ ಡಾಕ್ಟರು ಹೊಟ್ಟಿಗಿ ಸಾಲಾಗಿ ಪಿನ್ನು ಹೊಡದು, ನಿಂಬಿಹಣ್ಣಿನಷ್ಟು ಚೀಲ ಬಿಟ್ಟು ಉಳಿದದ್ದನ್ನ ಮುಚ್ಚಿದ್ರು. "ಹೊಟ್ಟಿಗಿ ಪಿನ್ನು ಹೊಡದೇನಿ, ಬಾಯಿಗಿ ಹೊಡೆಯೋದು ನಿಮ್ಮ ಕೆಲಸ. ಮೊದಲಿನಂಗ ಉಂಡ್ರ ಹರೀತದ. ನಿಮ್ಮೂರಿಂದ ಇಲ್ಲಿಗಿ ಬರೋತನಾ ನೀವು ಉಳಿಯಂಗಿಲ್ಲ" ಅಂತ ಕಟ್ಟುನಿಟ್ಟಾಗಿ ಹೇಳಿ, ಆರು ತಿಂಗಳು ಅಲ್ಲೇ ಇಟಗೊಂಡು ಮೈ ಇಳಿದ ಮ್ಯಾಲ ಊರಿಗಿ ಕಳಿಸಿದ್ರು.

ಅಲ್ಲಿಂದ ನನ್ನ ಹೊಸಾ ಸಂಸಾರ ಸುರು ಆತು. ದಿನಕ್ಕ ಆರು ಸಲ, ಸಲಕ್ಕೊಂದು ಸಣ್ಣ ವಾಟಗದಷ್ಟು ಗಂಜಿ ಇಲ್ಲಾ ಹೆಸರಬ್ಯಾಳಿ ಕಟ್ಟು. ಉಣ್ಣೋಮುಂದ ನೀರು ಕುಡಿಯಂಗಿಲ್ಲ, ಸಿಹಿ ಮುಟ್ಟಂಗಿಲ್ಲ. ಒಂದು ತುತ್ತು ಬಾಯಾಗ ಹಾಕ್ಕೊಂಡು ಅದು ನೀರಾಗೋ ತನಕ ಅಗೀಬೇಕು. ಅಷ್ಟು ಹೊತ್ತು ಅಗಿದ್ರ ರೊಟ್ಟಿ ರುಚಿ ಹೋಗಿ ವಿಚಾರ ಬರ್ತಾವ್ರಿ! ಮನುಷ್ಯಾ ಗಬಗಬ ಯಾಕ ಉಣ್ತಾನಂತ ನನಗ ತಿಳಿದದ್ದು ಆವಾಗ. ಇನ್ನೊಂದು ವಿಚಿತ್ರ ಹೇಳ್ತೇನಿ. ಹೊಟ್ಟಿ ತುಂಬಿರ್ತಿತ್ತು, ಹಸಿವು ಮಾತ್ರ ಹೋಗ್ತಿದ್ದಿಲ್ಲ. ಅದು ನನ್ನ ಹೊಟ್ಯಾಗ ಇರಲಿಲ್ಲ, ಬಾಜೂಕ ಕುಂತಿರ್ತಿತ್ತು. ಗಂಗಾಳದ ಮ್ಯಾಲ ಯಾರೋ ಬಗ್ಗಿ ನೋಡಿದಂಗ ಆಗ್ತಿತ್ತು.

ಇದನ್ನ ನಾ ಯಾರಿಗೂ ಹೇಳಿದ್ದಿಲ್ಲ. ಆದ್ರ ನಮ್ಮವ್ವಗ ಹೆಂಗೋ ಗೊತ್ತಾಗಿತ್ತು.

ಅವ್ವನ ಎರಡೂ ಕಣ್ಣಿಗಿ ಪೊರಿ ಬಂದು ಮಂಜು ಮಂಜಾಗಿತ್ತು. ಆಕಿ ಮಂದಿನ್ನ ಗುರುತು ಹಿಡಿಯೋದು ಸಪ್ಪಳದ ಮ್ಯಾಲ, ಮೈ ಮುಟ್ಟಿ. ನಾ ಮುಂಬೈದಿಂದ ಬಂದ ದಿನ ಆಕಿ ನನ್ನ ತೋಳು ಹಿಡದ್ಳು, ಹೆಗಲು ಹಿಡದ್ಳು, ಗಲ್ಲ ಸವರಿದ್ಳು. ನನ್ನ ತೊಗಲು ಹಳೇ ಅಂಗಿಯಂಗ ಜೋತಾಡ್ತಿತ್ತು. ಕೈ ಹಿಂದಕ್ಕ ತಗೊಂಡು, "ಇದು ಯಾರನ್ನ ಕರಕೊಂಡು ಬಂದೀವಾ ಶಾಂತಾ?" ಅಂದ್ಳು. ಶಾಂತಾ ನಕ್ಕು, "ಅತ್ತಿ, ನಿಮ್ಮ ಮಗಾರಿ, ಬಸಣ್ಣಾರು" ಅಂದ್ಳು. ಮಧ್ಯಾಹ್ನ ಒಳಗಿನ ಖೋಲ್ಯಾಗ ನನ್ನ ಹೊರಸಿನ ಮ್ಯಾಲ ಅಡ್ಡಾದೆ. ಮೊದಲು ನಾ ಬಿದ್ದುಕೊಂಡ್ರ ಆ ಹೊರಸು ಮೂರು ಮನಿಗಿ ಕೇಳೋ ಹಂಗ ಕಿರುಗುಡ್ತಿತ್ತು. ಆವತ್ತು ಪಿಟ್ ಅನ್ನಲಿಲ್ಲ. ಬಾಗಲದಾಗ ಕಿವಿಗೊಟ್ಟು ನಿಂತಿದ್ದ ಅವ್ವ ತಿರುಗಿ ಹೋದ್ಳು.

ಆಮ್ಯಾಲ ಆಕಿ ನನ್ನ ಹೆಸರು ಹಿಡದು ಕರೀಲಿಲ್ಲ. "ತಮ್ಮಾ, ಗಂಜಿ ಕುಡದೇನಪಾ?" ಅಂತ ಬಂದ ಬೀಗರನ್ನ ಕೇಳಿದಂಗ ಕೇಳ್ತಿದ್ಳು. ಭಾಳ ಪ್ರೀತಿಲೇ ಕೇಳ್ತಿದ್ಳು, ಅದಕ್ಕ ಇನ್ನೂ ಸಂಕಟ ಆಗ್ತಿತ್ತು. ಒಂದೊಂದು ಸಲ ನಾ ಆಕಿ ಮುಂದ ಕುಂತಿರೋಮುಂದನ ಕತ್ತೆತ್ತಿ, "ಬಸಣ್ಣ ಪಡಸಾಲ್ಯಾಗ ನಡದಾಡಾಕತ್ಯಾನ, ಕೇಳ್ರಿ" ಅಂತಿದ್ಳು. ನಾ ಕೇಳ್ತಿದ್ದೆ. ಕೇಳಸ್ಲಿಲ್ಲ ಅಂತ ಆಣಿ ಮಾಡಿ ಹೇಳಾಕ ನನಗ ಧೈರ್ಯ ಇಲ್ಲ.

ಇದರಾಗ ನಾ ಒಂದು ತಪ್ಪು ಮಾಡಿದೆ. ಶ್ರಾವಣದಾಗ ಬನಶಂಕರಿಗಿ ಹೋಗಿದ್ದೆ, ಅದೇ ಬಾದಾಮಿ ಹತ್ರ ಚೊಳಚಗುಡ್ಡದ ಬನಶಂಕರಿ. ಗುಡಿ ಹೊರಗ ಬುಟ್ಟಿ ಇಟಗೊಂಡು ರೊಟ್ಟಿ, ಬದನಿಕಾಯಿ ಪಲ್ಯ, ಮೊಸರು ಮಾರೋ ಹೆಣ್ಣುಮಕ್ಕಳನ್ನ ನೀವು ನೋಡಿರ್ಬೇಕು. ಅವರೊಳಗ ಒಬ್ಬಾಕಿ ಹತ್ರ ನಾ ಪ್ರತಿ ವರ್ಷ ಕುಂತು, ಆಕಿ ಬುಟ್ಟಿ ತಳಾ ಕಾಣೋ ತನಕ ಉಣ್ತಿದ್ದೆ. ಆವತ್ತು ಅರ್ಧ ರೊಟ್ಟಿ ಸಾಕಂದೆ. ಆಕಿ ನನ್ನ ದನಿ ಕೇಳಿ ದಿಟ್ಟಿಸಿ ನೋಡಿ, "ನಿಮ್ಮ ಅಣ್ಣಾರು ಬರ್ಲಿಲ್ಲೇನ್ರಿ? ಅವರೇರಿ, ದೊಡ್ಡ ಮೈಯವರು. ನಿಮ್ಮಂಗ ಮಾತಾಡ್ತಿದ್ರು" ಅಂದ್ಳು. ಪಿನ್ನಿನ ಕಥಿ, ಮುಂಬೈ ಕಥಿ ಎಲ್ಲಾ ಹೇಳೋದು ಯಾರಿಗಿ ಬೇಕಾಗೇತಿ? "ಹೋದ್ರವಾ" ಅಂದುಬಿಟ್ಟೆ. ಆಕಿ ಲೊಚಗುಟ್ಟಿ, ಬಿಸಿ ರೊಟ್ಟಿ ಒಂದನ್ನ ತಗದು ಬಾಜೂಕ ಖಾಲಿ ಜಾಗಾದಾಗ ಇಟ್ಳು. "ಭಾಳ ಉಂಡು ಹರಸಿ ಹೋಗ್ತಿದ್ರು ಪುಣ್ಯಾತ್ಮರು" ಅಂತ ಸೆರಗಿನಲೇ ಕಣ್ಣು ಒರಸ್ಕೊಂಡ್ಳು. ನನಗ ನನ್ನ ಅರ್ಧ ರೊಟ್ಟಿ ಇಳೀಲಿಲ್ಲ.

ಮನಿಗಿ ಬಂದು ಇದನ್ನ ದೊಡ್ಡ ನಗಿಚಾಟಿಕಿ ಮಾಡಿ ಹೇಳಿದೆ. ಶಾಂತಾ ಹೊಟ್ಟಿ ಹಿಡಕೊಂಡು ನಕ್ಕಳು. ಅವ್ವ ಹತ್ತಿ ಬತ್ತಿ ಹೊಸಿಯೋದನ್ನ ನಿಲ್ಲಿಸಿ, "ಹೋದ ಅಂತ ನೀನ ನಿನ್ನ ಬಾಯಿಲೇ ಹೇಳಿದೀ?" ಅಂತ ಕೇಳಿದ್ಳು. ಹೂಂ ಅಂದೆ. "ಆತು ಬಿಡು" ಅಂದ್ಳು. ಅಷ್ಟೇ.

ನಮ್ಮ ಕಡೆ ಊಟಕ್ಕ ಹಾಕೋದು ಅಂದ್ರ ಸಣ್ಣ ವಿಷಯ ಅಲ್ರಿ. ಬಾದಾಮಿಯೊಳಗ ಇದ್ರು ಅಂತಾರಲ್ಲ, ಆ ಇಬ್ಬರು ರಾಕ್ಷಸ ಅಣ್ಣತಮ್ಮಂದಿರು, ಅವರ ಕಥಿ ನಾ ಪ್ರತಿ ವರ್ಷ ಹುಡುಗರಿಗಿ ಹೇಳ್ತಿದ್ದೆ. ಅಣ್ಣ ತನ್ನ ತಮ್ಮನ್ನ ಟಗರು ಮಾಡಿ ಕಡದು, ಅಡಿಗಿ ಮಾಡಿ ಬಂದವರಿಗಿ ಬಡಿಸ್ತಿದ್ದ. ಉಂಡಾದ ಮ್ಯಾಲ ಹೆಸರು ಹಿಡದು ಕರೀತಿದ್ದ, ತಮ್ಮ ಹೊಟ್ಟಿ ಸೀಳಿಕೊಂಡು ಹೊರಗ ಬರ್ತಿದ್ದ. ಒಬ್ಬ ಋಷಿ ಹೊಟ್ಟಿ ಸವರಿಕೊಂಡು ಅವನ್ನ ಅಲ್ಲೇ ಕರಗಿಸಿಬಿಟ್ಟ. ಹುಡುಗರು ಋಷಿಗಿ ಚಪ್ಪಾಳಿ ಹೊಡೀತಿದ್ರು, ನಾನೂ ಹೊಡೀತಿದ್ದೆ. ಆಪರೇಷನ್ ಆದ ವರ್ಷ ಮಾತ್ರ ಪಾಠ ಅರ್ಧಕ್ಕ ನಿಂತಿತು. ಹೊರಗ ನಿಂತು, ಕರೆದ ಹೆಸರಿಗಿ ಉತ್ತರ ಬರಲಿಲ್ಲಲ್ಲಾ ಅಂತ ಕಾದ ಅಣ್ಣನ ನೆನಪಾಗಿ ನಾ ಪುಸ್ತಕಾ ಮುಚ್ಚಿಟ್ಟೆ. ರಾಕ್ಷಸ ಆದ್ರ ಏನಾತು, ಕಾದಾಂವ ಕಾದಾಂವನ.

ಮಹಾನವಮಿ ಅಮಾಸಿ ಬಂತು. ಆವತ್ತು ನಮ್ಮಲ್ಲಿ ಹೋದ ಹಿರಿಯರಿಗಿ ಎಡಿ ಹಿಡಿಯೋ ಪದ್ಧತಿ. ಅವರಿಗಿ ಸೇರತಿದ್ದ ಅಡಿಗಿ ಎಲ್ಲಾ ಬಡಿಸಿಟ್ಟು, ಬಾಗಲಾ ಮುಂದ ಮಾಡಿಕೊಂಡು ಮನಿಮಂದಿ ಸ್ವಲ್ಪ ಹೊತ್ತು ಹೊರಗ ಕುಂದ್ರಬೇಕು. ಅವರು ಬಂದು ಉಂಡು ಹೋದ ಮ್ಯಾಲ ಆ ಎಡಿಯನ್ನ ನಾವು ಉಣ್ಣೋದು. ಪ್ರತಿ ವರ್ಷ ಅಪ್ಪಗ ಒಂದೇ ಎಡಿ ಇರ್ತಿತ್ತು. ಈ ಸಲ ಒಳಗಿನ ಖೋಲ್ಯಾಗ ಎರಡು ಎಲಿ ಹಾಸಿದ್ವು. ಎರಡನೇದರ ಮ್ಯಾಲ ಹೋಳಿಗಿ, ಕಡಬು, ಎಣ್ಣಿಗಾಯಿ, ಗುಂಪಿ ಹಾಕಿದ ರೊಟ್ಟಿ. ಎಲ್ಲಾ ನನಗ ಸೇರೋವು, ಮೊದಲ ನಾ ಉಣ್ತಿದ್ದಷ್ಟು.

"ಯವ್ವಾ, ಇದು ಯಾರಿಗಿ?"

"ನನ್ನ ಮಗಗ. ನೀ ಸಿಟ್ಟಾಗಬ್ಯಾಡ ತಮ್ಮಾ. ನೀ ಒಳ್ಳೆಯಾಂವ ಅದಿ, ಈ ಮನ್ಯಾಗ ಇರು. ಆದ್ರ ಅಂವ ಹಸಗೊಂಡು ತಿರಗ್ಯಾಡಾಕತ್ಯಾನ."

ಬಾಗಲಾ ಮುಂದ ಮಾಡಿ ಮೂರೂ ಮಂದಿ ಪಡಸಾಲ್ಯಾಗ ಕುಂತ್ವಿ. ನಡು ಮಧ್ಯಾಹ್ನ. ಹಬ್ಬಕ್ಕಂತ ಓಣ್ಯಾಗ ಒಂದು ಮಗ್ಗಾನೂ ನಡೆದಿದ್ದಿಲ್ಲ. ನನಗ ನನ್ನ ಎಡಿ ಬಾಗಲಾ ಕಾಯೋ ಪಾಳಿ ಬಂತಲ್ಲಾ ಅಂತ ನಗಬೇಕು ಅನ್ನೋದರಾಗ, ಒಳಗ ಹೊರಸು ಕಿರ್ರ್ ಅಂತು. ಯಾರೋ ದಪ್ಪ ಮನುಷ್ಯಾ ಹಗುರಕ ಕುಂತಂಗ. ಶಾಂತಾ ನನ್ನ ಮುಂಗೈ ಹಿಡಕೊಂಡ್ಳು. "ಬೆಕ್ಕಿರಬೇಕ್ರಿ" ಅಂದ್ಳು.

"ಬೆಕ್ಕು ಅಷ್ಟು ಭಾರ ಇರ್ತದೇನ?" ಅಂದ್ಳು ಅವ್ವ. ಆಕಿ ಮಾರಿ ಎಷ್ಟು ತಿಂಗಳ ಮ್ಯಾಲ ಅರಳಿತ್ತು!

ಬಾಗಲಾ ತಗದ್ವಿ. ಒಳಗ ಯಾರೂ ಇಲ್ಲ, ಎಡಿ ಇಟ್ಟಂಗ ಇತ್ತು. ನಾ ಅಂವನ ಎಲಿ ಮುಂದ ಹೋಗಿ ಕುಂತೆ. "ಬಸಣ್ಣ ನಾನ. ಇದನ್ನೆಲ್ಲಾ ನಾ ಉಂಡ್ರ ಒಪ್ಪತಿಯಿಲ್ಲೋ?" ಅಂದೆ. ಅವ್ವ ಎದುರಿಗಿ ಕುಂತು, "ನೀ ಅಂವನ ಆಗಿದ್ರ ಉಣ್ತೀ. ಅಂವ ಎಂದೂ ಎಲ್ಯಾಗ ಬಿಟ್ಟವನಲ್ಲ" ಅಂದ್ಳು. ಶಾಂತಾ, "ಅತ್ತಿ, ಹೊಲಿಗಿ ಹರದ್ರ ಸಾಯ್ತಾರ್ರಿ!" ಅಂತ ಚೀರಿದ್ಳು. ನಾ ಕೇಳಲಿಲ್ಲ. ನಗಬ್ಯಾಡ್ರಿ, ನಲವತ್ತು ದಾಟಿದ ಮಾಸ್ತರ ಅವ್ವನ ಬಾಯಾಗ ತನ್ನ ಹೆಸರು ಕೇಳಬೇಕಂತ ಸಾಯಾಕ ತಯಾರಾಗಿದ್ದೆ.

ಒಂದು ಹೋಳಿಗಿ ಹೋತು. ತುಪ್ಪ ನಾಲಿಗಿ ಮ್ಯಾಲ ಇಳಿದಾಗ ಬಾಜೂಕ ಕುಂತಾಂವ ಸಮಾಧಾನದ ಉಸಿರು ಬಿಟ್ಟಂಗಾತು. ಇನ್ನೊಂದು ಮುರದೆ. ಎದಿ ಡವಡವ ಹೊಡಕೊಳ್ಳಾಕತ್ತು, ಕಣ್ಣಿಗಿ ಕತ್ತಲಿ ಬಂತು, ಮೈಯೆಲ್ಲಾ ತಣ್ಣಗ ಬೆವರಿತು. ಆದ್ರೂ ಮತ್ತೊಂದು ತುತ್ತು ಎತ್ತಿದೆ. ಅದು ಬಾಯಿತನಾ ಬರಲಿಲ್ಲ. ಅವ್ವ ಗಾಳ್ಯಾಗ ಕೈಯಾಡಿಸಿ ನನ್ನ ಮಣಿಕಟ್ಟು ಹಿಡದಿದ್ಳು. ಹೆಬ್ಬಟ್ಟಿನಲೇ ಆ ಬೆವರು ಸವರಿ ನೋಡಿದ್ಳು.

ಹುಟ್ಟಿದಾಗಿಂದ ಆ ಕೈ ನನಗ ಇನ್ನೊಂದು, ಇನ್ನೊಂದು ಅಂತ ಹಾಕಿದ್ದ ಗೊತ್ತು.

"ಸಾಕೋ ಬಸಣ್ಣ," ಅಂದ್ಳು. "ಸಾಕು ನನ್ನಪ್ಪಾ. ಉಗಳು."

ಉಗಳಿದೆ. ಅವ್ವ ಆ ಎಲಿಯನ್ನ ತನ್ನ ಕಡೆ ಎಳಕೊಂಡು, ಬಿಕ್ಕಿ ಬಿಕ್ಕಿ ಅಳಕೋತ, ಉಳಿದದ್ದನ್ನ ತಾನ ಒಂದೊಂದ ತುತ್ತು ಉಣ್ಣಾಕ ಹತ್ತಿದ್ಳು. ಹೋದಾಂವನ ಎಡಿಯನ್ನ ಹಡದಾಕಿ ಉಂಡು ಕಳಿಸಿದ್ರ ಅಂವ ಹಸಗೊಂಡು ಮತ್ತ ಬರಂಗಿಲ್ಲಂತ. ನಾ ಗೋಡಿಗಿ ಒರಗಿ ಅಳಾಕ ಸುರು ಮಾಡಿದೆ. ಶಾಂತಾ ಸೆರಗಿನಲೇ ನನ್ನ ಬೆವರು ಒರಸಿ, "ಗುರುತು ಹಿಡದ್ರಲ್ಲ, ಇನ್ನ ಯಾಕ ಅಳ್ತೀರಿ?" ಅಂದ್ಳು.

ಹೇಳ್ತೇನಿ ಕೇಳ್ರಿ. ಅಂವ ನಲವತ್ತು ವರ್ಷ ನನ್ನನ್ನ ಹೊತಗೊಂಡು ತಿರಗಿದಾಂವ. ಅವ್ವ, ನಾ, ಇಬ್ರನ್ನ ಬಿಟ್ರ ಅವನಿಗಿ ಅಳೋರು ಯಾರಿದ್ರು?